ಕಾಳಕ್ಕ ಒತ್ತಿದ ಹಸಿರು ಟಿಕ್ಕು

ಜವನಗೊಂಡನಹಳ್ಳಿಯ ಕಾಳಕ್ಕನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ವಾರಗಿತ್ತಿ ಹೊಸ ಮಿಕ್ಸಿ ತಂದ ವಾರ ಆ ಮನೆಯ ಚಟ್ನಿಯನ್ನು ಅವಳು ಬಾಯಿಗೆ ಇಡಲಿಲ್ಲ. ಎದುರು ಮನೆಯವರು ಬಾಗಿಲಿಗೆ ಬಣ್ಣ ಹೊಡೆಸಿದಾಗ ವಾಸನೆಗೆ ತಲೆನೋವು ಬಂತೆಂದು ಮಲಗಿಬಿಟ್ಟಳು. ಇವೆಲ್ಲ ಸಣ್ಣಪುಟ್ಟ ಉರಿ, ಒಂದು ಚೊಂಬು ಮಜ್ಜಿಗೆ ಕುಡಿದರೆ ಇಳಿಯುವಂಥವು. ನಮಗೆ ನಿಮಗೆ ಇಲ್ಲದ್ದೇನಲ್ಲ. ಆದರೆ ಐವತ್ತರ ಹತ್ತಿರ ಬಂದ ಮೇಲೆ, ಮೊಬೈಲಿನೊಳಗಿನ ಒಂದು ಹಸಿರು ಟಿಕ್ಕಿನ ಸಲುವಾಗಿ ಅವಳಲ್ಲಿ ಹೊತ್ತಿಕೊಂಡದ್ದು ಮಾತ್ರ ಯಾವ ಮಜ್ಜಿಗೆಗೂ ಬಗ್ಗಲಿಲ್ಲ.

ಕಾಳಕ್ಕ ಕುರಿಗಳ ನಡುವೆ ಬೆಳೆದು ಕುರಿ ಸಾಕುವ ಮನೆಗೇ ಸೊಸೆಯಾಗಿ ಬಂದವಳು. ಮರಿಯ ಬಾಯಿ ಅಗಲಿಸಿ ಔಷಧಿ ಹೊಯ್ಯುವುದು, ಗೊರಸಿನ ಸಂದಿನ ಮುಳ್ಳು ಕೀಳುವುದು, ಅಡ್ಡ ತಿರುಗಿದ ಮರಿಯನ್ನು ಕೈಹಾಕಿ ಈಚೆ ತರುವುದು, ಎಲ್ಲ ಅವಳಿಗೆ ಅತ್ತೆಯಿಂದ ಬಂದದ್ದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಕುರಿಗಾರರು ಸೇರಿ ಒಂದು ಕಂಪನಿ ಕಟ್ಟಿಕೊಂಡಾಗ, ಹೆಂಗಸರನ್ನು ಆರಿಸಿ, ಸೂಜಿ ಹಾಕುವುದು ಕಲಿಸಿ, ಪಶುಸಖಿಯರೆಂದು ಹೆಸರಿಟ್ಟು ಊರೂರಿಗೆ ಕಳಿಸಿದರು. ಹಿರಿಯೂರಿನ ಕಡೆಗೆ ಕಾಳಕ್ಕನೇ ಮೊದಲನೆಯವಳು. ಲಸಿಕೆ ಇಡಲು ಕಂಪನಿ ಎರಡು ಫ್ರಿಜ್ಜು ತಂದಿತು. ಒಂದು ಚಿತ್ರದುರ್ಗದ ಆಫೀಸಿನಲ್ಲಿ ಕುಳಿತಿತು. ಇನ್ನೊಂದು ಕಾಳಕ್ಕನ ಪಡಸಾಲೆಗೆ ಬಂತು.

ಆ ಫ್ರಿಜ್ಜಿನಲ್ಲಿ ಒಂದು ಲೋಟ ಹಾಲು ಇಡುವಂತಿರಲಿಲ್ಲ, ಒಂದು ಹಿಡಿ ಕೊತ್ತಂಬರಿ ಇಡುವಂತಿರಲಿಲ್ಲ. ಆದರೂ ಕಾಳಕ್ಕ ಅದಕ್ಕೆ ದಿನಾ ಬಟ್ಟೆ ಒರೆಸುತ್ತಿದ್ದಳು, ಶುಕ್ರವಾರ ಅರಿಶಿನ ಕುಂಕುಮ ಇಡುತ್ತಿದ್ದಳು. ಅದು ಬರುವ ಮುಂಚೆ ಅವಳು ಊರಿಗೆ ದೊಡ್ಡತಿಮ್ಮಪ್ಪನ ಹೆಂಡತಿ. ಬಂದ ಮೇಲೆ ದೊಡ್ಡತಿಮ್ಮಪ್ಪ ಫ್ರಿಜ್ಜಿನ ಕಾಳಕ್ಕನ ಗಂಡನಾದ. ಬೆಳಗಾದರೆ ಸಾಕು, ಸುತ್ತಲ ಹಟ್ಟಿಗಳ ಕುರಿಗಾರರು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಒಳಗಿಂದ ಚಹಾ ಹೋಗುತ್ತಿತ್ತು. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಗೆ ಅಲ್ಲಿಂದಲೇ ಹಂಚಿಕೆಯಾಗುತ್ತಿತ್ತು. ಇಡೀ ಹೋಬಳಿಯಲ್ಲಿ ತನ್ನ ಬಾಗಿಲಿಗೆ ಬರುವಷ್ಟು ಜನ ಇನ್ಯಾರ ಬಾಗಿಲಿಗೂ ಬರುವುದಿಲ್ಲ ಎಂಬುದು ಕಾಳಕ್ಕನಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅವಳ ನಡಿಗೆಯಲ್ಲೂ ಕಾಣುತ್ತಿತ್ತು.

ಹೀಗಿರುವಾಗ ಆ್ಯಪು ಬಂತು. ಕಂಪನಿಯ ಡಾಕ್ಟರು ಮಂಜಣ್ಣನವರು, ಸರ್ಕಾರಿ ನೌಕರಿ ಮುಗಿಸಿ ಬಂದ ಸಾಧು ಮನುಷ್ಯ, ಎಲ್ಲ ಪಶುಸಖಿಯರ ಮೊಬೈಲಿಗೂ ತಾವೇ ಕೂತು ಅದನ್ನು ಹಾಕಿಕೊಟ್ಟರು. ಒಂದು ಮಂದೆಗೆ ಏನಾದರೂ ಆದರೆ ಅದರ ಹೆಸರಿನಲ್ಲಿ ಒಂದು ಥ್ರೆಡ್ಡು ಶುರುವಾಗಬೇಕು. ಯಾರು ಏನು ಔಷಧಿ ಕೊಟ್ಟರು, ಮುಂದೆ ಏನು ಮಾಡಬೇಕು, ಎಲ್ಲ ಅದರೊಳಗೇ ಬರೆಯಬೇಕು. ಕೆಲಸ ಮುಗಿದ ಮೇಲೆ ‘ಬಗೆಹರಿದಿದೆ’ ಎಂಬಲ್ಲಿ ಒತ್ತಬೇಕು. ಒತ್ತಿದೊಡನೆ ಹಸಿರು ಟಿಕ್ಕು ಬಿದ್ದು, ಕೆಳಗೆ ಒತ್ತಿದವರ ಹೆಸರು ಮೂಡಿ, ಆ ಥ್ರೆಡ್ಡು ಮಡಚಿಕೊಂಡು ಕಣ್ಣಿಂದ ಮರೆಯಾಗುತ್ತದೆ. ಯಾರು ಯಾರದ್ದನ್ನು ಬೇಕಾದರೂ ಒತ್ತಬಹುದು, ಎಲ್ಲರೂ ಒಂದೇ ತಂಡ ತಾನೇ ಎಂದರು ಡಾಕ್ಟರು. ಥ್ರೆಡ್ಡು ಅಂದರೆ ದಾರ ಎಂದು ಅವರು ಬಿಡಿಸಿ ಹೇಳಿದ ಮೇಲೆ ಕಾಳಕ್ಕ ಅದನ್ನು ದಾರ ಎಂದೇ ಕರೆದಳು. ಉಳಿದವರೂ ಹಾಗೇ ಕರೆದರು.

ದಾರ ಶುರುಮಾಡುವುದು ಕಾಳಕ್ಕನಿಗೆ ಸಲೀಸಾಯಿತು. ಮುಗಿಸುವುದು ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ಮೊಬೈಲಲ್ಲ, ಕುರಿಗಾರರ ಬಾಯಿ. ಆ ಸೀಮೆಯ ಹಳೆಯ ಕುರಿಗಾರರು ತಮ್ಮ ಕುರಿ ಎಷ್ಟಿವೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ವಾಸಿಯಾಯಿತು ಎಂದಂತೂ ಸತ್ತರೂ ಹೇಳುವುದಿಲ್ಲ. ಹೇಳಿದರೆ ಹೋದ ಬೇನೆ ಅಲ್ಲೇ ಬೇಲಿಯ ಆಚೆ ನಿಂತು ಕೇಳಿಸಿಕೊಂಡು ತಿರುಗಿ ಬರುತ್ತದೆಂಬ ಭಯ. ಕುಂಟುತ್ತಿದ್ದ ಟಗರು ಕಣ್ಣೆದುರೇ ಬೇಲಿ ಹಾರುತ್ತಿದ್ದರೂ, ‘ಗುಣ ಆಯ್ತೇನಪ್ಪ?’ ಎಂದು ಕೇಳಿದರೆ ಅವರು ಆಕಾಶ ನೋಡಿ, ‘ಐತೆ’ ಎನ್ನುತ್ತಾರೆ. ಆ ‘ಐತೆ’ಗೆ ಉಂಟು ಎಂದೂ ಅರ್ಥವಿಲ್ಲ, ಇಲ್ಲ ಎಂದೂ ಅರ್ಥವಿಲ್ಲ. ಕಾಳಕ್ಕನೂ ಅದೇ ಹಟ್ಟಿಯವಳು. ಅವರು ‘ಐತೆ’ ಎಂದ ಮೇಲೆ ತಾನು ಬಗೆಹರಿದಿದೆ ಎಂದು ಒತ್ತಲು ಅವಳ ಬೆರಳು ಏಳುತ್ತಿರಲಿಲ್ಲ. ಹೀಗಾಗಿ ಅವಳ ದಾರಗಳೆಲ್ಲ ತೆರೆದೇ ಬಿದ್ದಿದ್ದವು. ಕುರಿಗಳು ಮಾತ್ರ ಚೆನ್ನಾಗಿಯೇ ಇದ್ದವು.

ಮಾಹೀರಾ ಬರುವ ತನಕ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾಹೀರಾ ಹೊಸದುರ್ಗ ಪೇಟೆಯ ಹುಡುಗಿ. ಅವಳ ತಂದೆ ಸಲೀಂ ಸಾಬರು ಸಂತೆಯಿಂದ ಸಂತೆಗೆ ಕುರಿ ವ್ಯಾಪಾರ ಮಾಡುವವರು. ತಲೆತಲಾಂತರದಿಂದ ಆ ಮನೆಯವರದ್ದು ಅದೇ ಕಸುಬು. ಹೊಸದುರ್ಗ, ಹೊಳಲ್ಕೆರೆ ಕಡೆಯ ಮಂದೆಗಳನ್ನು ಅವಳಿಗೆ ವಹಿಸಿದರು. ಮೊದಲ ದಿನ ಅವಳು ಬಂದು ಕಾಳಕ್ಕನ ಕಾಲು ಮುಟ್ಟಿ, ನೀವು ಕಲಿಸಿಕೊಡಬೇಕು ಎಂದಾಗ ಕಾಳಕ್ಕನಿಗೆ ಹಿಗ್ಗಾಗಿತ್ತು. ಸಿರಿಂಜಿನ ಗಾಳಿ ತೆಗೆಯುವುದರಿಂದ ಹಿಡಿದು ಟಗರನ್ನು ಮೊಣಕಾಲ ಸಂದಿಯಲ್ಲಿ ಹಿಡಿಯುವ ತನಕ ಎಲ್ಲ ಹೇಳಿಕೊಟ್ಟಿದ್ದಳು. ಕಲಿಸಿದ ತಪ್ಪಿಗೆ ಈಗ ಅನುಭವಿಸಬೇಕಾಯಿತು.

ಸೋಮವಾರಕ್ಕೊಮ್ಮೆ ದುರ್ಗದ ಆಫೀಸಿನಲ್ಲಿ ಸಭೆ. ಕಿಟಕಿಯಾಚೆ ಜೋಗಿಮಟ್ಟಿಯ ಸಾಲಿನ ಗಾಳಿಯಂತ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತಿದ್ದರೆ, ಒಳಗೆ ಗೋಡೆಯ ಟಿವಿಯ ಮೇಲೆ ಯಾರ ದಾರ ಎಷ್ಟು ತೆರೆದಿವೆ ಎಂಬುದು ಮೂಡುತ್ತಿತ್ತು. ಮಾಹೀರಾಳ ಸಾಲು ಪೂರ್ತಿ ಹಸಿರು. ಕಾಳಕ್ಕನದು ಮಳೆ ಬಾರದ ವರ್ಷದ ಹೊಲ. ಡಾಕ್ಟರು ಏನೂ ಅನ್ನಲಿಲ್ಲ, ಮಾಹೀರಾಳನ್ನು ನೋಡಿ ಕಲಿಯಿರಿ ಎಂದರು ಅಷ್ಟೇ. ಕಲಿಸಿದವಳಿಗೆ ಕಲಿತವಳನ್ನು ನೋಡಿ ಕಲಿ ಅಂದರೆ ಹೇಗಾಗಬೇಕು? ಕಾಳಕ್ಕನಿಗೆ ಕಿವಿಯವರೆಗೂ ಬಿಸಿಯಾಯಿತು. ಮುಂದಿನ ಮಾತು ಇನ್ನೂ ಕೆಟ್ಟದ್ದು. ಎರಡನೇ ಫ್ರಿಜ್ಜು ಎಲ್ಲಿ ಕೆಲಸ ಚುರುಕಾಗಿದೆಯೋ ಅಲ್ಲಿ ಇರಬೇಕೆಂದು ಕಂಪನಿಯವರು ಮಾತಾಡಿಕೊಂಡಿದ್ದಾರೆ, ದೀಪಾವಳಿಯೊಳಗೆ ತೀರ್ಮಾನವಾಗುತ್ತದೆ ಎಂದರು.

ಆ ದಿನ ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಕಾಳಕ್ಕ ತನ್ನ ಪಡಸಾಲೆಯನ್ನು ಫ್ರಿಜ್ಜಿಲ್ಲದೆ ನೋಡಲು ಯತ್ನಿಸಿದಳು. ಜಗಲಿಯಲ್ಲಿ ಜನವಿಲ್ಲ. ಚಹಾದ ಪಾತ್ರೆ ಚಿಕ್ಕದು. ಕಂಬಳಿಯವರೆಲ್ಲ ಹೊಸದುರ್ಗದ ಬಸ್ಸು ಹತ್ತಿ ಮಾಹೀರಾಳ ಬಾಗಿಲಿಗೆ ಹೋಗುತ್ತಿದ್ದಾರೆ. ಅಲ್ಲಿ ಅವಳು ನಗುನಗುತ್ತ, ಬರ್ರಿ, ಕುಂತ್ಕಳ್ರಿ ಅನ್ನುತ್ತಿದ್ದಾಳೆ. ಕಾಳಕ್ಕನ ಹೊಟ್ಟೆಯೊಳಗೆ ಯಾರೋ ಕೆಂಡ ಕೆದಕಿದಂತಾಯಿತು.

ಮಾಹೀರಾ ಒಳ್ಳೆಯವಳಾಗಿದ್ದುದು ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಬೈದು ಹಗುರಾಗಬಹುದಿತ್ತು. ಕಾಳಕ್ಕನ ಮೋರೆ ಬಾಡಿದ್ದನ್ನು ಕಂಡು ಆ ಹುಡುಗಿ ಸಹಾಯಕ್ಕೆ ನಿಂತಳು. ಕಾಳಕ್ಕನ ಹಳೆಯ ದಾರಗಳ ಕುರಿಗಾರರಿಗೆಲ್ಲ ತಾನೇ ಫೋನು ಮಾಡಿ ವಿಚಾರಿಸಿ, ಒಂದೊಂದಾಗಿ ಟಿಕ್ಕು ಒತ್ತತೊಡಗಿದಳು. ಕಾಳಕ್ಕ ರೊಟ್ಟಿ ತಟ್ಟುತ್ತ ಕುಳಿತಿದ್ದರೆ ಪಕ್ಕದಲ್ಲಿ ಮೊಬೈಲು ಟಿಂಗ್ ಎನ್ನುತ್ತಿತ್ತು. ‘ಮಾಹೀರಾ ಇದನ್ನು ಬಗೆಹರಿಸಿದ್ದಾರೆ.’ ಇನ್ನೊಂದು ರೊಟ್ಟಿ, ಇನ್ನೊಂದು ಟಿಂಗ್. ‘ಮಾಹೀರಾ ಇದನ್ನು ಬಗೆಹರಿಸಿದ್ದಾರೆ.’ ಹುಳ ಬಿದ್ದ ಗಾಯ ತೊಳೆದವಳು ಕಾಳಕ್ಕ, ಬಿಸಿಲಲ್ಲಿ ನಡೆದವಳು ಕಾಳಕ್ಕ, ಟಗರಿನಿಂದ ಗುದ್ದಿಸಿಕೊಂಡವಳೂ ಕಾಳಕ್ಕ. ಕೆಳಗೆ ಹೆಸರು ಮಾತ್ರ ಮಾಹೀರಾಳದು. ಅಡುಗೆ ಮಾಡಿದವಳನ್ನು ಒಲೆಯ ಮುಂದೆ ಬಿಟ್ಟು ಬಡಿಸಿದವಳನ್ನು ಹೊಗಳಿದ ಹಾಗಾಯಿತು ಎಂದು ಅವಳು ಗಂಡನ ಮುಂದೆ ಕೂಗಾಡಿದಳು. ರೊಟ್ಟಿ ಸೀದಿದೆ ಎಂದಷ್ಟೇ ದೊಡ್ಡತಿಮ್ಮಪ್ಪ ಹೇಳಿದ.

ಕುರಿಗಾರರ ಬಾಯಿಂದ ಇವಳು ಉತ್ತರ ಹೇಗೆ ಹೊರಡಿಸುತ್ತಾಳೆ ಎಂಬುದು ಕಾಳಕ್ಕನನ್ನು ಇನ್ನಷ್ಟು ಕಾಡಿತು. ಕೊನೆಗೆ ಪಕ್ಕದ ಹಟ್ಟಿಯವನೊಬ್ಬನನ್ನು ಹಿಡಿದು ಕೇಳಿದಳು. ಆ ಹುಡುಗಿ ವಾಸಿಯಾಯಿತೇ ಎಂದು ಕೇಳುವುದೇ ಇಲ್ಲವಂತೆ. ಮೇವು ತಿಂತೈತಾ ಎಂದು ಕೇಳುತ್ತಾಳೆ, ಮೆಲುಕು ಹಾಕ್ತೈತಾ ಎಂದು ಕೇಳುತ್ತಾಳೆ. ಅದಕ್ಕೆ ಹೂಂ ಅನ್ನಲು ಯಾರಿಗೆ ಏನು ಭಯ? ಇಷ್ಟೇ ಇಷ್ಟು ಉಪಾಯ. ಹಟ್ಟಿಯಲ್ಲೇ ಹುಟ್ಟಿ ಬೆಳೆದ ತನಗೆ ಹೊಳೆಯದೆ ಪೇಟೆಯವಳಿಗೆ ಹೊಳೆಯಿತಲ್ಲ ಎಂದು ಕಾಳಕ್ಕನಿಗೆ ಅಳುವೇ ಬಂತು. ಅತ್ತದ್ದು ಹೊಗೆಗೆ ಎಂದು ಹೇಳಿಕೊಂಡಳು.

ಆ ವಾರ ಮಳೆ ಹಿಡಿಯಿತು. ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಮೊಬೈಲು ನೋಡುತ್ತಿದ್ದ ಕಾಳಕ್ಕನ ಕಣ್ಣಿಗೆ ಮಾಹೀರಾಳ ಸಾಲಿನಲ್ಲಿ ಅಪರೂಪಕ್ಕೆ ತೆರೆದೇ ಇದ್ದ ಒಂದು ದಾರ ಬಿತ್ತು. ಬಾಗೂರಿನ ಚಿತ್ರಲಿಂಗಪ್ಪನ ಮಂದೆಯದು. ಮರಿಗಳಿಗೆ ಕರುಳುಬೇನೆ ಬಾರದಂತೆ ಮೊದಲ ಸೂಜಿಯನ್ನು ಮಾಹೀರಾ ಹೊಳಲ್ಕೆರೆಯ ಹತ್ತಿರ ಹಾಕಿದ್ದಳು. ಮೂರು ವಾರದ ಮೇಲೆ ಎರಡನೆಯದು ಬೀಳಬೇಕು. ಬಿದ್ದರೇ ಲಸಿಕೆ ಹಿಡಿಯುವುದು. ಮಳೆಗೆ ಎಳೆ ಹುಲ್ಲು ಚಿಗುರಿದ ಕೂಡಲೇ, ಹೊಟ್ಟೆ ತುಂಬ ಮೇಯ್ದ ಗುಂಡನೆಯ ಮರಿಗಳನ್ನೇ ಆ ಬೇನೆ ಆರಿಸಿಕೊಂಡು ಹೊಡೆಯುತ್ತದೆ. ದಾರದ ಕೊನೆಯಲ್ಲಿ ಮಾಹೀರಾ ಬರೆದಿದ್ದಳು: ‘ಮಂದೆ ಈಗ ಜವನಗೊಂಡನಹಳ್ಳಿಯ ಬೋರಪ್ಪನವರ ಹೊಲಕ್ಕೆ ಬಂದಿದೆ. ಎರಡನೇ ಸೂಜಿ ಹಾಕಲು ನಾನು ಬರುತ್ತೇನೆ.’

ಗೊಬ್ಬರಕ್ಕೆಂದು ಹೊಲದವರು ಕುರಿಗಾರರನ್ನು ಕರೆದು ಮಂದೆ ನಿಲ್ಲಿಸಿಕೊಳ್ಳುವುದು ಎಲ್ಲ ಕಡೆ ಇದ್ದದ್ದೇ. ಕಾಳಕ್ಕನಿಗೆ ಕಣ್ಣು ಕುಕ್ಕಿದ್ದು ‘ನಾನು ಬರುತ್ತೇನೆ’ ಎಂಬ ಮಾತು. ಬೋರಪ್ಪನ ಹೊಲ ತನ್ನ ಜಗಲಿಯಿಂದ ಕೂಗಿದರೆ ಕೇಳುವಷ್ಟು ದೂರ. ಲಸಿಕೆ ಇರುವುದು ತನ್ನ ಫ್ರಿಜ್ಜಿನಲ್ಲಿ. ಇವಳು ಹೊಸದುರ್ಗದಿಂದ ಬಂದು, ತನ್ನ ಮನೆಯಿಂದಲೇ ಲಸಿಕೆ ತೆಗೆದುಕೊಂಡು, ತನ್ನ ಊರಿನ ಹೊಲದಲ್ಲಿ ನಿಂತು ಸೂಜಿ ಹಾಕಿ, ಊರವರೆಲ್ಲ ನೋಡುತ್ತಿರುವಂತೆ ಟಿಕ್ಕು ಒತ್ತುತ್ತಾಳೆ. ಇನ್ನು ಉಳಿದದ್ದೇನು, ತನ್ನ ಅಡುಗೆಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುವುದೊಂದು.

ಕಾಳಕ್ಕ ಬೆರಳೆತ್ತಿ ಒತ್ತಿಯೇಬಿಟ್ಟಳು. ‘ಕಾಳಕ್ಕ ಇದನ್ನು ಬಗೆಹರಿಸಿದ್ದಾರೆ.’ ದಾರ ಮಡಚಿಕೊಂಡು ಹೋಯಿತು. ಎದೆಯೊಳಗೆ ತಣ್ಣಗಾಯಿತು. ಅವಳು ಮೋಸಗಾತಿಯಲ್ಲ. ಸೂಜಿ ಹಾಕದೆ ಬಿಡುವ ಯೋಚನೆ ಅವಳಿಗೆ ಇರಲಿಲ್ಲ. ಬೆಳಿಗ್ಗೆ ಎದ್ದು ತಾನೇ ಹೋಗಿ ಹಾಕಿಬಂದರೆ ಆಯಿತು, ಟಿಕ್ಕು ಒಂದು ರಾತ್ರಿ ಮುಂಚೆ ಬಿತ್ತು ಅಷ್ಟೇ ಎಂದುಕೊಂಡಳು. ಆ ಧೈರ್ಯದಲ್ಲಿ ಮಾಹೀರಾ ಒತ್ತದೆ ಉಳಿದಿದ್ದ ತನ್ನ ಹಳೆಯ ದಾರಗಳನ್ನೂ, ಮೇವು ತಿನ್ನುತ್ತಿವೆ ತಾನೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಒಂದೂ ಬಿಡದೆ ಒತ್ತಿದಳು.

ಬೆಳಿಗ್ಗೆ ಐಸು ಡಬ್ಬಿ ಹೆಗಲಿಗೆ ಹಾಕಿಕೊಂಡು ಬೋರಪ್ಪನ ಹೊಲಕ್ಕೆ ಹೋದರೆ ಹೊಲದ ತುಂಬ ಹಿಕ್ಕೆ ಬಿಟ್ಟು ಬೇರೇನೂ ಇರಲಿಲ್ಲ. ಮಳೆ ಬಿತ್ತು, ಉಳಬೇಕಿತ್ತು, ಮಂದೆ ಎಬ್ಬಿಸಿದೆ ಎಂದ ಬೋರಪ್ಪ. ಯಾವ ಕಡೆ ಹೋದರು ಎಂದು ಕೇಳಿದರೆ ಪಡುವಣಕ್ಕೆ ಕೈ ತೋರಿಸಿದ. ಕಾಳಕ್ಕ ಕುರಿಯ ಹೆಜ್ಜೆ ನೋಡುತ್ತ ಹಳ್ಳದ ತನಕ ನಡೆದಳು. ಮಳೆನೀರು ಹೆಜ್ಜೆಗಳನ್ನೆಲ್ಲ ನುಂಗಿತ್ತು. ಚಿತ್ರಲಿಂಗಪ್ಪನ ಫೋನು ಸ್ವಿಚ್ ಆಫ್. ಕುರಿಗಾರರ ಫೋನು, ಚಾರ್ಜು ಸಿಕ್ಕಾಗ ಉಂಟು, ಸಿಗದಿದ್ದರೆ ಇಲ್ಲ.

ಆಗ ಅವಳು ಮಾಡಬೇಕಿದ್ದದ್ದು ಒಂದೇ ಕೆಲಸ. ಮಡಚಿದ ದಾರವನ್ನು ಬಿಚ್ಚಿ ಇಡಬೇಕಿತ್ತು. ಆದರೆ ಬಿಚ್ಚಿದರೆ ಎಲ್ಲರ ಮೊಬೈಲಿನಲ್ಲೂ ಟಿಂಗ್ ಎನ್ನುತ್ತದೆ, ‘ಕಾಳಕ್ಕ ಇದನ್ನು ಮತ್ತೆ ತೆರೆದಿದ್ದಾರೆ’ ಎಂದು ಮೂಡುತ್ತದೆ. ಹಾಗಾದರೆ ಮುಚ್ಚಿದ್ದು ಯಾಕೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಸೋಮವಾರ ಸಭೆ ಬೇರೆ ಇತ್ತು. ಕಾಳಕ್ಕ ಬಿಚ್ಚಲಿಲ್ಲ. ಚಿತ್ರಲಿಂಗಪ್ಪ ಫೋನು ಹಚ್ಚಿದ ದಿನ ವಿಚಾರಿಸಿ ಹೋಗಿ ಹಾಕಿಬಂದರಾಯಿತು ಎಂದು ದಿನಾ ಒಮ್ಮೆ ಫೋನು ಮಾಡಿದಳು. ಆಮೇಲೆ ದಿನ ಬಿಟ್ಟು ದಿನ ಮಾಡಿದಳು.

ಸೋಮವಾರದ ಟಿವಿಯಲ್ಲಿ ಅವಳ ಸಾಲು ಮೇಲಿಂದ ಕೆಳಗೆ ಹಸಿರಾಗಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ ನಕ್ಕರು. ಹೀಗಾದರೆ ಫ್ರಿಜ್ಜು ಜವನಗೊಂಡನಹಳ್ಳಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಮಾಹೀರಾ. ಚಪ್ಪಾಳೆಯಲ್ಲೂ ಇವಳೇ ಮುಂದು ಎಂದುಕೊಂಡಳು ಕಾಳಕ್ಕ. ಗೆದ್ದ ಖುಷಿ ಹಿರಿಯೂರಿನ ಬಸ್ ಸ್ಟ್ಯಾಂಡು ಬರುವಷ್ಟರಲ್ಲಿ ಇಳಿದುಹೋಯಿತು.

ಅದೇ ವಾರ ಒಂದು ಬೆಳಿಗ್ಗೆ ಕಾಳಕ್ಕನ ಮನೆಯ ಮುಂದೆ ಸಲೀಂ ಸಾಬರ ಲಗೇಜು ಗಾಡಿ ಬಂದು ನಿಂತಿತು. ಮಾಹೀರಾ ಇಳಿದು ಒಳಗೆ ಓಡಿಬಂದಳು. ತಂದೆಯ ಜೊತೆ ಹಿರಿಯೂರಿನ ಸಂತೆಗೆ ಬಂದಿದ್ದಳಂತೆ. ಚಿತ್ರಲಿಂಗಪ್ಪ ಯಾರದೋ ಅಂಗಡಿಯಿಂದ ಫೋನು ಮಾಡಿ, ಬಾಗೂರಿನ ಹತ್ತಿರ ಇದ್ದೇನೆ, ಮರಿಗಳು ನಿಂತಲ್ಲೇ ಬೀಳುತ್ತಿವೆ, ಬಾರವ್ವ ಎಂದವನೇ ಇಟ್ಟುಬಿಟ್ಟನಂತೆ. ಲಸಿಕೆ ಹತ್ತಿರದಲ್ಲಿ ಇರುವುದು ಇಲ್ಲೇ, ಅದಕ್ಕೆ ಬಂದೆ ಎಂದಳು.

ಮಾಹೀರಾ ಫ್ರಿಜ್ಜಿನ ಬಾಗಿಲು ತೆಗೆದಳು, ಆದರೆ ಲಸಿಕೆಗೆ ಕೈಹಾಕಲಿಲ್ಲ. ಮೊದಲು ಒಳಗಿನ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿದಳು. ಬಾಗಿಲ ಅಂಚಿನ ರಬ್ಬರನ್ನು ಬೆರಳಿನಿಂದ ಸವರಿದಳು. ಆಮೇಲೆ ಹೊರಗಿದ್ದ ತಂದೆಗೆ ಕೇಳಿಸದಂತೆ ದನಿ ತಗ್ಗಿಸಿದಳು.

“ಅಕ್ಕ, ಬೇಜಾರ್ ಮಾಡ್ಕಬ್ಯಾಡ್ರಿ. ನೀವು ಎರಡನೇ ಸೂಜಿ ಹಾಕಿದ್ರೂ ಮರಿ ಹೋಗ್ತಾ ಅವೆ ಅಂದ್ರೆ ಲಸಿಕೇನೇ ಕೆಟ್ಟಿರ್ಬೇಕು. ಮಳೆಗೆ ಕರೆಂಟ್ ಹೋಗಿತ್ತೇನೋ. ಸರ್ ಕೇಳಿದ್ರೆ ನನ್ ಐಸ್ ಡಬ್ಬಿ ಬಿಸಿಯಾಗಿತ್ತು, ಮೊದಲ್ನೇ ಸೂಜೀನೇ ಕೆಟ್ಟಿತ್ತು ಅಂತೀನಿ. ಫ್ರಿಜ್ ಕೆಟ್ಟೈತೆ ಅಂತ ಗೊತ್ತಾದ್ರೆ ಇಲ್ಲಿಂದ ಎತ್ಕಂಡು ಹೋಗ್ತಾರೆ. ಅದು ನಿಮ್ಮನೇಲೇ ಇರ್ಲಿ.”

ಅಂದರೆ ಈ ಹುಡುಗಿಗೆ ಒಂದು ಗಳಿಗೆಯೂ ಅನುಮಾನ ಬಂದಿರಲಿಲ್ಲ. ಕಾಳಕ್ಕ ಟಿಕ್ಕು ಒತ್ತಿದ್ದಾಳೆ ಎಂದರೆ ಸೂಜಿ ಬಿದ್ದಿದೆ ಎಂದೇ ಅವಳು ನಂಬಿ, ಆ ದಾರವನ್ನು ಮರೆತು, ಬೇರೆ ಮಂದೆಗಳ ಹಿಂದೆ ಹೋಗಿದ್ದಳು. ಲಸಿಕೆಯ ಮೇಲೆ ಅನುಮಾನ, ಕರೆಂಟಿನ ಮೇಲೆ ಅನುಮಾನ, ರಬ್ಬರಿನ ಮೇಲೆ ಅನುಮಾನ. ಕಾಳಕ್ಕನ ಮೇಲೆ ಮಾತ್ರ ಇಲ್ಲ.

ಕಾಳಕ್ಕನಿಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಮುಂಚೆ ಬಂದದ್ದು ಹೊಟ್ಟೆಕಿಚ್ಚೇ. ಕೆಲಸದಲ್ಲಿ ಮುಂದು, ಉಪಾಯದಲ್ಲಿ ಮುಂದು, ಈಗ ಒಳ್ಳೆಯತನದಲ್ಲೂ ಇವಳೇ ಮುಂದು. ಬಾಯಿ ಮುಚ್ಚಿಕೊಂಡು ಕುಳಿತರೆ ಫ್ರಿಜ್ಜು ಉಳಿಯುತ್ತಿತ್ತು. ಉಳಿದರೂ ಅದು ಮಾಹೀರಾ ಭಿಕ್ಷೆ ಹಾಕಿದ ಫ್ರಿಜ್ಜು. ದಿನಾ ಅದಕ್ಕೆ ಬಟ್ಟೆ ಒರೆಸುವಾಗ ಮಾಹೀರಾಳ ಮುಖವೇ ಕಾಣುತ್ತದೆ. ಶುಕ್ರವಾರದ ಕುಂಕುಮವನ್ನೂ ಅವಳಿಗೇ ಇಟ್ಟಂತೆ. ಅದನ್ನು ಮಾತ್ರ ತನ್ನಿಂದ ತಡೆಯಲಾಗದು ಎಂದು ಕಾಳಕ್ಕನಿಗೆ ಖಂಡಿತವಾಗಿ ತಿಳಿಯಿತು. ಬೇರೆಯವರನ್ನು ಧರ್ಮಬುದ್ಧಿ ದಾರಿಗೆ ತರುತ್ತದಂತೆ. ಅವಳನ್ನು ತಂದದ್ದು ಅವಳ ಉರಿಯೇ.

“ಲಸಿಕೆ ಕೆಟ್ಟಿಲ್ಲ ಕಣಮ್ಮ,” ಎಂದಳು. “ನಾನು ಸೂಜಿ ಹಾಕೇ ಇಲ್ಲ.”

ಮಾಹೀರಾ ಅರ್ಥವಾಗದೆ ನೋಡಿದಳು. ಕಾಳಕ್ಕ ಮೊದಲಿಂದ ಕೊನೆತನಕ ನಿಂತಲ್ಲೇ ಹೇಳಿದಳು. ಒತ್ತಿದ್ದು, ಹೊಲಕ್ಕೆ ಹೋದದ್ದು, ಮಂದೆ ಸಿಗದೇ ಇದ್ದದ್ದು, ಬಿಚ್ಚದೇ ಬಿಟ್ಟದ್ದು. ಯಾಕೆ ಒತ್ತಿದ್ರಿ ಎಂದು ಮಾಹೀರಾ ಕೇಳಿದಳು.

“ನಿನ್ ಹೆಸ್ರು ಬೀಳಬಾರ್ದು ಅಂತ.”

ಮಾಹೀರಾಳ ಕಣ್ಣು ತುಂಬಿದವು. ಬೈಯುತ್ತಾಳೆ ಎಂದು ಕಾಳಕ್ಕ ಕಾದಳು, ಬೈದರೆ ಒಳ್ಳೆಯದಿತ್ತು. ಮಾಹೀರಾ ಬೈಯದೆ ಲಸಿಕೆಯ ಬಾಟಲಿಗಳನ್ನು ಡಬ್ಬಿಗೆ ತುಂಬತೊಡಗಿದಳು. ತುಂಬುತ್ತಲೇ, ಇದು ನಮ್ಮಿಬ್ಬರಲ್ಲೇ ಇರಲಿ, ಮೊದಲು ಮರಿ ಉಳಿಸಾಣ ಎಂದಳು. ಕಾಳಕ್ಕ ಒಪ್ಪಲಿಲ್ಲ. ಸೊಂಟದಿಂದ ಮೊಬೈಲು ತೆಗೆದು ಮಡಚಿದ ದಾರಗಳ ನಡುವೆ ಚಿತ್ರಲಿಂಗಪ್ಪನದನ್ನು ಹುಡುಕಿ ಒತ್ತಿದಳು. ಮಾಹೀರಾಳ ಕೈಯಲ್ಲಿದ್ದ ಮೊಬೈಲು ಟಿಂಗ್ ಎಂದಿತು. ದುರ್ಗದಲ್ಲಿ ಡಾಕ್ಟರದೂ, ಊರೂರಿನ ಪಶುಸಖಿಯರದೂ ಅಂದಿರಬೇಕು. ‘ಕಾಳಕ್ಕ ಇದನ್ನು ಮತ್ತೆ ತೆರೆದಿದ್ದಾರೆ.’ ಅದರ ಕೆಳಗೆ ಒಂದೊಂದೇ ಅಕ್ಷರ ಹುಡುಕಿ ಬರೆದಳು: ‘ಎರಡನೇ ಸೂಜಿ ಹಾಕಿಲ್ಲ. ಸುಳ್ಳು ಒತ್ತಿದ್ದು ನಾನು. ಮಾಹೀರಾ ತಪ್ಪಿಲ್ಲ.’ ಅದಾದ ಮೇಲೆ ಕೊಂಡಿಗೆ ಸಿಕ್ಕಿಸಿದ್ದ ಕಂಬಳಿ ತೆಗೆದುಕೊಂಡು, “ನಡಿ, ಹೋಗಾಣ,” ಎಂದಳು.

ಬಾಗೂರಿನಾಚೆಯ ಬೀಳಿನಲ್ಲಿ ಹುಲ್ಲು ಎಳೆ ಹಸಿರಾಗಿ ಮೊಣಕಾಲಿಗೆ ಬಂದಿತ್ತು. ಚಿತ್ರಲಿಂಗಪ್ಪ ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ. ಎಷ್ಟು ಹೋದವು ಎಂದು ಅವರು ಕೇಳಲಿಲ್ಲ, ಕೇಳಿದ್ದರೂ ಅವನು ಹೇಳುತ್ತಿರಲಿಲ್ಲ. ಜಾಲಿಯ ಬುಡದಲ್ಲಿ ಹೊಸದಾಗಿ ಅಗೆದು ಮುಚ್ಚಿದ ಮಣ್ಣು ಮಾತ್ರ ಅಗಲವಾಗಿತ್ತು. ಕಾಳಕ್ಕ ಆ ಮಣ್ಣಿನ ಕಡೆ ಒಮ್ಮೆ ನೋಡಿದಳು. ಮತ್ತೆ ನೋಡಲಾಗಲಿಲ್ಲ. ಅವನ ಎದುರಿಗೂ ಹೇಳಿದಳು, ನನ್ನಿಂದ ತಪ್ಪಾಯ್ತಪ್ಪಾ ಎಂದು. ಅವನು ಕೋಲಿನಿಂದ ಗದ್ದ ಎತ್ತಿದ.

“ನಿಂಗೂ ಕುರಿ ಗೊತ್ತಿತ್ತಲ್ಲವ್ವ,” ಎಂದ. ಆ ಮೇಲೆ ಅವನು ಅವಳ ಜೊತೆ ಮಾತಾಡಲಿಲ್ಲ.

ಸಲೀಂ ಸಾಬರು ಒಂದೊಂದೇ ಮರಿಯನ್ನು ಹಿಡಿದುಕೊಟ್ಟರು, ಮಾಹೀರಾ ಸಿರಿಂಜು ತುಂಬಿಕೊಟ್ಟಳು, ಕಾಳಕ್ಕ ಹಾಕಿದಳು. ಕೆಲವಕ್ಕೆ ಮಾಹೀರಾ ಹಾಕಿದಳು. ಹಸಿರಿನಿಂದ ಮಂದೆಯನ್ನು ಎಬ್ಬಿಸಿ ಒಣ ಬಯಲಿಗೆ ಹೊಡೆಸಿದರು. ಫೋನಿನಲ್ಲಿ ಡಾಕ್ಟರು ಮಾಹೀರಾಳ ಜೊತೆ ಔಷಧಿಯ ಮಾತಷ್ಟೇ ಆಡಿದರು. ಕಾಳಕ್ಕನಿಗೆ ಫೋನು ಕೊಡು ಎನ್ನಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು.

ಮುಂದಿನ ಸೋಮವಾರ ಕಾಳಕ್ಕನನ್ನು ಯಾರೂ ಗದರಿಸಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಫ್ರಿಜ್ಜು ಹೊಸದುರ್ಗಕ್ಕೆ ಹೋಗಲಿ ಎಂದರು, ಅಷ್ಟೇ. ಒಯ್ಯಲು ಬಂದದ್ದು ಸಲೀಂ ಸಾಬರ ಗಾಡಿಯೇ. ಕಾಳಕ್ಕ ತಾನೇ ಅದನ್ನು ಒರೆಸಿ, ವಯರು ಸುತ್ತಿ, ಹಳೆಯ ಕಂಬಳಿ ಹೊದಿಸಿ ಕೊಟ್ಟಳು. ಮಾಹೀರಾ ಹೋಗುವಾಗ ಮತ್ತೆ ಕಾಲಿಗೆ ಬಗ್ಗಿದಳು. ಕಾಳಕ್ಕ ಅವಳ ತಲೆಯ ಮೇಲೆ ಕೈಯಿಟ್ಟಳು. ಇಟ್ಟ ಕೈಗೆ ಮನಸ್ಸು ಪೂರ್ತಿಯಾಗಿ ಒಪ್ಪಿರಲಿಲ್ಲ.

ಚಿತ್ರಲಿಂಗಪ್ಪನ ದಾರ ಇಂದಿಗೂ ತೆರೆದೇ ಇದೆ. ಉಳಿದ ಮರಿಗಳೆಲ್ಲ ಬೆಳೆದು ಗುದ್ದಾಡುತ್ತಿವೆ ಎಂದು ಎಲ್ಲರಿಗೂ ಗೊತ್ತು. ಆದರೂ ಕಾಳಕ್ಕ ಅದನ್ನು ಒತ್ತುವುದಿಲ್ಲ. ಒತ್ತದಿರಲಿ ಎಂದು ಮಾಹೀರಾಳೂ ಬಿಟ್ಟಿದ್ದಾಳೆ. ಸೋಮವಾರದ ಟಿವಿಯ ಮೇಲೆ ಅದೊಂದು ಬಂದಾಗ ಡಾಕ್ಟರು ಮುಂದಿನದಕ್ಕೆ ಹೋಗುತ್ತಾರೆ.

ಫ್ರಿಜ್ಜು ಹೋದ ಕೆಲವು ದಿನಗಳ ಮೇಲೆ, ಕಾಳಕ್ಕ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಅದು ನಿಂತಿದ್ದ ಜಾಗದಲ್ಲಿ ನೆಲ ಚೌಕವಾಗಿ ಬೆಳ್ಳಗೆ ಕಾಣುತ್ತಿತ್ತು. ಜಗಲಿಯಲ್ಲಿ ದೊಡ್ಡತಿಮ್ಮಪ್ಪ ಒಬ್ಬನೇ ಇದ್ದ. ಹೊಸದುರ್ಗದ ಬಸ್ಸು ರಸ್ತೆಯಲ್ಲಿ ನಿಂತು, ಕಂಬಳಿಯವರೊಬ್ಬರನ್ನು ಹತ್ತಿಸಿಕೊಂಡು ಹೋಯಿತು. ಕಾಳಕ್ಕ ಬಸ್ಸು ಮರೆಯಾಗುವ ತನಕ ನೋಡಿದ್ದನ್ನು ಅವನು ನೋಡಿದ.

“ಆ ಹುಡುಗಿ ಮ್ಯಾಲಿನ ಹೊಟ್ಟೆಕಿಚ್ಚು ಈಗೇನಾರ ವಾಸಿ ಆಯ್ತೇನೇ?” ಎಂದು ಕೇಳಿದ.

ಕಾಳಕ್ಕ ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು.

“ಐತೆ,” ಎಂದಳು. “ಮೇವು ತಿಂತಾ ಐತೆ, ಮೆಲುಕೂ ಹಾಕ್ತೈತೆ.”